ಕ್ಯಾಪ್ಟನ್ ಸಿಡಿಲು ಇಳಿಯುವ ಜಾಗ

ಚಾಮರಾಜನಗರದ ಬಸ್ಸು ಗುಂಡ್ಲುಪೇಟೆ ನಿಲ್ದಾಣದಲ್ಲಿ ಪೂರ್ತಿ ನಿಲ್ಲುವ ಮೊದಲೇ ಶಿವರಂಜಿನಿ ಕಿಟಕಿಯಿಂದ ತನ್ನ ವೇಲನ್ನು ಒಳಗೆಸೆದು ಸೀಟು ಹಿಡಿದಿದ್ದಳು. ಪವಿತ್ರ ಡ್ರಾಯಿಂಗ್ ಶೀಟಿನ ಸುರುಳಿಯನ್ನು ತಲೆಯ ಮೇಲೆತ್ತಿಕೊಂಡು, ಯಾರ ಮೊಣಕೈಯೂ ತಾಗದಂತೆ ನೋಡಿಕೊಳ್ಳುತ್ತ ಕೊನೆಯವಳಾಗಿ ಹತ್ತಿದಳು. ಹತ್ತುವಾಗಲೂ ಅವಳ ಕಣ್ಣು ಹಿಂದೆ ಮುಂದೆ ಓಡಾಡುತ್ತಿತ್ತು. ಊರಿನವರು ಯಾರಾದರೂ ಇದ್ದಾರೆಯೇ ಎಂದು ನೋಡುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಇಬ್ಬರದೂ ಒಂದೇ ಊರು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆ, ಕಾಡು ಶುರುವಾಗುವಲ್ಲಿ, ಚೆಂಡು ಹೂವಿನ ಹೊಲಗಳ ನಡುವೆ ಇರುವ ಸಣ್ಣ ಊರು. ಅಲ್ಲಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಾಲೇಜಿಗೆ ಇನ್ನೊಂದು. ಡಿಗ್ರಿ ಸೇರಿದಾಗಿನಿಂದ ಇಬ್ಬರೂ ಒಂದೇ ಸೀಟಿನಲ್ಲಿ ಕೂರುತ್ತಿದ್ದರು. ಪವಿತ್ರಳ ಡಬ್ಬಿಯ ರೊಟ್ಟಿ ಶಿವರಂಜಿನಿಯ ಡಬ್ಬಿಯ ಹುರುಳಿ ಪಲ್ಯದ ಜೊತೆ ಖರ್ಚಾಗುತ್ತಿತ್ತು. ಆದರೆ ಸಂಜೆ ಊರಲ್ಲಿ ಬಸ್ಸಿಳಿದ ಕೂಡಲೇ ಶಿವರಂಜಿನಿ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ತೊಡಗುತ್ತಿದ್ದಳು. ಅಷ್ಟರಲ್ಲಿ ಪವಿತ್ರ ಅರಳೀಕಟ್ಟೆ ದಾಟಿ ಮೇಲಿನ ಬೀದಿಗೆ ತಿರುಗಿರುತ್ತಿದ್ದಳು. ಆಮೇಲೆ ಶಿವರಂಜಿನಿ ಎದ್ದು ಕೆಳಗಿನ ಕೇರಿಯ ದಾರಿ ಹಿಡಿಯುತ್ತಿದ್ದಳು. ಹೀಗೆ ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮಾಧ್ಯಮ ವಿಷಯ ಪಾಠ ಮಾಡುವ ಚಂದ್ರಕುಮಾರ್ ಸರ್ ಕೊಟ್ಟ ಪ್ರಾಜೆಕ್ಟು ಇದು: ಎಲ್ಲರಿಗೂ ಗೊತ್ತಿರುವ ಒಬ್ಬ ಸೂಪರ್‌ಹೀರೋನನ್ನು ತೆಗೆದುಕೊಂಡು ನಿಮ್ಮೂರಿಗೆ ಹೊಂದುವಂತೆ ಹೊಸದಾಗಿ ರೂಪಿಸಬೇಕು, ಅವನ ಕಥೆಯೊಂದನ್ನು ಚಿತ್ರ ಚಿತ್ರವಾಗಿ ಸ್ಟೋರಿಬೋರ್ಡ್ ಮಾಡಬೇಕು. ಬರೀ ಬಟ್ಟೆ ಬದಲಾಯಿಸಿ ತಂದರೆ ವಾಪಸ್ ಕಳಿಸುತ್ತೇನೆ ಎಂದೂ ಅವರು ಹೇಳಿದ್ದರು. ಗೆಳತಿಯರು ಆರಿಸಿದ್ದು ಕ್ಯಾಪ್ಟನ್ ಸಿಡಿಲನ್ನು. ಟಿವಿ ಕಾರ್ಟೂನಿನ ಆ ಹಳದಿ ಹೊದಿಕೆಯ ವೀರ ಇಬ್ಬರ ಬಾಲ್ಯದಲ್ಲೂ ಇದ್ದ. ಕೊರಳಿಗೆ ಟವಲು ಕಟ್ಟಿಕೊಂಡು ಪವಿತ್ರ ತಮ್ಮ ಹಿತ್ತಲಿನ ಹುಲ್ಲಿನ ಮೆದೆಯಿಂದ ಹಾರಿದ್ದಳು. ಶಿವರಂಜಿನಿ ಹಾರಿದ್ದು ಕಾಡಂಚಿನ ಆನೆ ಕಂದಕದ ದಿಬ್ಬದಿಂದ.

ಕಥೆ ಶಿವರಂಜಿನಿಯದು. ಒಂದು ಮುಂಜಾನೆ ಆನೆಗಳು ಕಂದಕ ದಾಟಿ ಊರಿಗೆ ಬರುತ್ತವೆ. ಜನ ಕದ ತೆಗೆದು ಹೊರಗೆ ಬರುವುದರೊಳಗೆ ಕ್ಯಾಪ್ಟನ್ ಸಿಡಿಲು ಮನೆಮನೆಗೂ ಎಚ್ಚರಿಕೆ ಕೊಡಬೇಕು. ಚಿತ್ರ ಪವಿತ್ರಳದು. ಸಿಡಿಲಿನ ಬೂಟು ತೆಗೆದು ಚಪ್ಪಲಿ ಹಾಕಿದ್ದಳು, ಹೊದಿಕೆಯ ಬದಲು ಕರಿ ಕಂಬಳಿ ಹೊದಿಸಿದ್ದಳು. ಮೊದಲ ಚಿತ್ರದಲ್ಲಿ ಅವನು ಆಕಾಶದಿಂದ ಇಡೀ ಊರನ್ನು ನೋಡುತ್ತಾನೆ. ಅದನ್ನೇ ಅವಳು ಅಂದು ಬಸ್ಸಿನಲ್ಲಿ ಇಬ್ಬರ ಮಂಡಿಯ ಮೇಲೂ ಹರಡಿದಳು.

ಶಿವರಂಜಿನಿ ಮೊದಲು ಮೆಚ್ಚಿಕೊಂಡಳು. ದೇವಸ್ಥಾನದ ಮುಂದಿನ ಬಸವನನ್ನೂ ಬಿಟ್ಟಿಲ್ಲವಲ್ಲ ಎಂದಳು. ಹಾಲಿನ ಡೇರಿ, ಶಾಲೆ, ಅರಳೀಕಟ್ಟೆ, ಮೇಲಿನ ಬೀದಿಯ ಸಾಲುಮನೆಗಳು. ಶಾಲೆಯಿಂದಾಚೆ ಹುಣಸೆಮರಗಳು, ಅದರಾಚೆ ಕಂದಕ, ಕಾಡು. ಅವಳ ಬೆರಳು ಹುಣಸೆಮರಗಳ ಮೇಲೆ ನಿಂತಿತು.

"ನಮ್ಮನೆ ಎಲ್ಲಿ?"

ಪವಿತ್ರ ಶೀಟನ್ನೇ ನೋಡಿದಳು. ಶಾಲೆಗೂ ಕಂದಕಕ್ಕೂ ನಡುವೆ ಇಡೀ ಒಂದು ಕೇರಿ ಇರಬೇಕಿತ್ತು. ಅಲ್ಲಿ ಅವಳು ಎಲೆ ಎಲೆಯಾಗಿ, ತಾಳ್ಮೆಯಿಂದ, ಮರ ಬರೆದಿದ್ದಳು. ಬೇಕೆಂದು ಬಿಟ್ಟಿದ್ದಲ್ಲ. ಬಿಟ್ಟಿದ್ದೇ ಅವಳಿಗೆ ತಿಳಿದಿರಲಿಲ್ಲ. ಅದನ್ನು ಹೇಳುವುದು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ ಅನ್ನಿಸಿ, ಜಾಗ ಸಾಕಾಗಲಿಲ್ಲ ಎಂದುಬಿಟ್ಟಳು.

"ಆನೆ ಮೊದಲು ಬರೋದೇ ನಮ್ಮನೆ ಮುಂದಕ್ಕೆ," ಎಂದಳು ಶಿವರಂಜಿನಿ. ದನಿ ಏರಿರಲಿಲ್ಲ. "ಆಕಾಶದಿಂದ ನೋಡಿದ್ರೂ ಕಾಣ್ಲಿಲ್ಲ ಅಂದ್ರೆ ನಿನ್ನ ಕ್ಯಾಪ್ಟನ್ನಿಗೆ ಕನ್ನಡಕ ಕೊಡಿಸು ಕಣೇ."

ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕೂತವಳು ಚಾಮರಾಜನಗರದವರೆಗೂ ಈ ಕಡೆ ತಿರುಗಲಿಲ್ಲ. ಮರುದಿನ ಗುಂಡ್ಲುಪೇಟೆಯಲ್ಲಿ ಬಸ್ಸು ಬಂದಾಗ ಕಿಟಕಿಯಿಂದ ಯಾವ ವೇಲೂ ಒಳಗೆ ಬೀಳಲಿಲ್ಲ. ಪವಿತ್ರ ನಿಂತುಕೊಂಡೇ ಹೋದಳು. ಕಾಲೇಜಿನಲ್ಲಿ ಶಿವರಂಜಿನಿ, ಸೋಮವಾರ ತಾನೊಬ್ಬಳೇ ಬೇರೆ ಪ್ರಾಜೆಕ್ಟು ಕೊಡಬಹುದೇ ಎಂದು ಸರ್ ಹತ್ತಿರ ಕೇಳುತ್ತೇನೆ ಎಂದಷ್ಟೇ ಹೇಳಿದಳು. ಹುರುಳಿ ಪಲ್ಯದ ಡಬ್ಬಿ ಬೇರೆ ಬೆಂಚಿನಲ್ಲಿ ತೆರೆದುಕೊಂಡಿತು.

ಶನಿವಾರ ಸಂಜೆ ಪವಿತ್ರ ಹುಣಸೆಮರಗಳನ್ನು ರಬ್ಬರಿನಿಂದ ಅಳಿಸಿದಳು. ಅಲ್ಲಿ ಮನೆಗಳನ್ನು ಬರೆಯಲು ಹೋದರೆ ಕೈ ಓಡಲಿಲ್ಲ. ಬಾಗಿಲು ಯಾವ ದಿಕ್ಕಿಗಿವೆ? ನೀರಿನ ತೊಂಬೆ ಎಲ್ಲಿದೆ? ಗುಡಿ ಇದೆಯೇ? ಹುಟ್ಟಿದಾಗಿನಿಂದ ಇದ್ದ ಊರಿನಲ್ಲಿ, ಶಾಲೆಯ ಕಾಂಪೌಂಡಿನಾಚೆ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಊಟಕ್ಕೆ ಕೂತಾಗ ನಾಳೆ ಕೆಳಗಿನ ಕೇರಿಗೆ ಹೋಗಿಬರಬೇಕು ಎಂದು ಹೇಳಿದಳು. ಹೇಳುವ ಮೊದಲು ಮನಸ್ಸಿನಲ್ಲಿ ಬಹಳ ಸಲ ಅದೇ ಮಾತನ್ನು ಹೊಂದಿಸಿ ನೋಡಿದ್ದಳು. ಆದರೂ ಬಾಯಿಗೆ ಬಂದಾಗ ಸೊಟ್ಟಗೇ ಬಂತು. ಅವ್ವ ಸುಧಾಮಣಿ ಸಾರಿನ ಸೌಟು ಹಿಡಿದು ಗಂಡನ ಮುಖ ನೋಡಿದಳು.

ಅಪ್ಪ ಸೋಮಶೇಖರ್ ಕೆಟ್ಟ ಮನುಷ್ಯನಲ್ಲ. ಕೇರಿಯವರಿಗೆ ಕಷ್ಟವೆಂದರೆ ಆಸ್ಪತ್ರೆಗೆ ತಮ್ಮ ಬೈಕಿನಲ್ಲೇ ಕರೆದೊಯ್ದವರು. ಡ್ರಾಯಿಂಗಿಗೆ ಅಷ್ಟೆಲ್ಲ ಯಾಕೆ, ನಾಲ್ಕು ಚೌಕ ಎಳೆದು ಮನೆ ಅಂದುಬಿಡು ಎಂದರು. ತಾವೂ ನಿಂತಿರುವ ಡೇರಿಯ ಚುನಾವಣೆ ಹತ್ತಿರ ಬಂದಿದೆ, ಬೀದಿಯವರು ಇಲ್ಲದ್ದನ್ನೆಲ್ಲ ಸೇರಿಸಿ ಮಾತಾಡುತ್ತಾರೆ, ಅರಳೀಕಟ್ಟೆಯಲ್ಲಿ ಕೂರುವ ಶಂಭುಲಿಂಗಪ್ಪನೊಬ್ಬನ ಬಾಯಿ ಸಾಕು ಎಂದೂ ಹೇಳಿದರು.

ಅಜ್ಜಿ ದೊಡ್ಡಮಲ್ಲಮ್ಮ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. "ನಾವೇನ್ ಅವ್ರಿಗೆ ಕೇಡು ಬಗ್ದಿದ್ದವಾ ಕಣಮ್ಮಿ? ಪುಟ್ಟಿ ನಮ್ಮನೆ ಕೊಟ್ಟಿಗೆಲೇ ಅಲ್ವಾ ಬಾಳ್ವೆ ಮಾಡಿದ್ದು. ಹಬ್ಬಕ್ಕೆ ಸೀರೆ ಕೊಟ್ಟಿದ್ದೀನಿ. ಅವ್ರ ದಾರಿ ಅವ್ರಿಗೆ, ನಮ್ಮ ದಾರಿ ನಮ್ಗೆ. ಸುಮ್ಕೆ ಬುಡು."

ಪುಟ್ಟಿ ಎಂದರೆ ಶಿವರಂಜಿನಿಯ ತಾಯಿ. ದಿನಾ ಬೆಳಗ್ಗೆ ಹಿತ್ತಲ ಬಾಗಿಲಿಂದ ಬಂದು ಸಗಣಿ ಬಾಚಿ, ಹಿತ್ತಲ ಬಾಗಿಲಿಂದಲೇ ಹೋಗುವವಳು. ಪವಿತ್ರ ತೊದಲು ಮಾತಾಡುವಾಗಿನಿಂದಲೂ ಅವಳನ್ನು ಪುಟ್ಟಿ ಎಂದೇ ಕರೆದಿದ್ದಳು, ಮನೆಯ ಎಲ್ಲರ ಹಾಗೆ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ, ಅಪ್ಪ ಗುಂಡ್ಲುಪೇಟೆಗೆ ಹೋಗಿದ್ದಾಗ, ಪವಿತ್ರ ಶೀಟಿನ ಸುರುಳಿ ಹಿಡಿದು ಹೊರಟಳು. ಶಾಲೆಯ ಕಾಂಪೌಂಡು ಮುಗಿಯುವಲ್ಲಿ ಒಂದು ಗಳಿಗೆ ನಿಂತಳು. ಹಿಂದೆ ಯಾರೂ ಇರಲಿಲ್ಲ.

ಕೇರಿಯ ಮೊದಲ ಮನೆಯ ಹೆಂಗಸು, ಸುಂದ್ರಮ್ಮ, ಬಟ್ಟೆ ಒಣಗಿಸುತ್ತಿದ್ದಳು. ಪವಿತ್ರಳನ್ನು ನೋಡಿ ಸೆರಗು ಸರಿಮಾಡಿಕೊಂಡು ಕೇಳಿದಳು: "ಹೂ ಕುಯ್ಯಕ್ಕಾ ಅವ್ವ? ಎಷ್ಟ್ ಆಳ್ ಬೇಕಂತೆ?"

ಆಳಿಗಲ್ಲ ಎಂದಳು ಪವಿತ್ರ. ಹಾಗಾದರೆ ಎಲೆಕ್ಷನ್ನಿಗಾ ಎಂದು ಸುಂದ್ರಮ್ಮ ಕೇಳಿದಳು. ಮೇಲಿನ ಬೀದಿಯವರು ಇಲ್ಲಿಗೆ ಬರಲು ಮೂರನೆಯ ಕಾರಣವೊಂದಿರಬಹುದೆಂದು ಅವಳಿಗೆ ಹೊಳೆಯುವಂತಿರಲಿಲ್ಲ. ಶಿವರಂಜಿನಿ ಮನೆ ಯಾವುದು ಎಂದು ಪವಿತ್ರ ಕೇಳಿದಾಗ ಅವಳು ಒಣಹಾಕುವುದನ್ನು ಬಿಟ್ಟು ತಾನೇ ಮುಂದೆ ನಡೆದಳು.

ಶಿವರಂಜಿನಿಯ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. ಬಾ ಎಂದು ಯಾರು ಕರೆದರು ಎಂದು ಕೇಳಿದಳು. "ನೀನು ಬಂದು ಹೋಗ್ತೀಯ. ನಾಳೆ ಮಾತು ಕೇಳೋದು ನಮ್ಮವ್ವ. ನಿಮ್ಮ ಕೊಟ್ಟಿಗೆಲಿ."

ಪವಿತ್ರ ಹಿಂದಿರುಗಲಿಲ್ಲ. "ಜಾಗ ಇಲ್ಲ ಅಂದಿದ್ದು ಸುಳ್ಳು," ಎಂದಳು. "ನಂಗೆ ಗೊತ್ತಿರ್ಲಿಲ್ಲ ರಂಜಿ. ಇಲ್ಲಿ ಏನಿದೆ ಅಂತ ನಂಗೆ ಗೊತ್ತೇ ಇಲ್ಲ."

ಒಳಗಿನಿಂದ ಬಂದ ಪುಟ್ಟಿ ಗಾಬರಿಯಲ್ಲಿ ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸತೊಡಗಿದಳು. ನಿಮ್ಮಪ್ಪಾವ್ರಿಗೆ ಹೇಳಿ ಬಂದಿದ್ದೀರಾ ಅವ್ವ ಎಂದು ಮೆಲ್ಲಗೆ ಕೇಳಿದಳು. ಪವಿತ್ರ ಅವಳನ್ನು ಕರೆಯಲು ಬಾಯಿ ತೆರೆದಳು. ಹೆಸರು ನಾಲಗೆಯ ತುದಿಗೆ ಬಂದು ನಿಂತಿತು. ಕೊನೆಗೆ, "ಕುರ್ಚಿ ಬೇಡ ಅಮ್ಮ, ಶೀಟು ಹರಡೋಕೆ ನೆಲಾನೇ ಬೇಕು," ಎಂದಳು. ಪುಟ್ಟಿಯ ಕೈ ಕುರ್ಚಿಯ ಮೇಲೆ ಹಾಗೇ ನಿಂತಿತು. ಶಿವರಂಜಿನಿ ತಾಯಿಯ ಮುಖವನ್ನೊಮ್ಮೆ, ಗೆಳತಿಯ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿ ಪೆನ್ಸಿಲ್ ತಂದಳು.

ಜಗಲಿಯ ಮೇಲೆ ಶೀಟು ಹರಡಿಕೊಂಡಿತು. ಶಿವರಂಜಿನಿ ಹೇಳುತ್ತಾ ಹೋದಳು, ಪವಿತ್ರ ಎದ್ದೆದ್ದು ನೋಡಿ ಬಂದು ಬರೆಯುತ್ತಾ ಹೋದಳು. ತೊಂಬೆ, ಮಾರಮ್ಮನ ಗುಡಿ, ಅಂಗನವಾಡಿ, ಕಂದಕದ ಪಕ್ಕದ ಕೊನೆಯ ಮನೆ. ಕ್ಯಾಪ್ಟನ್ ಸಿಡಿಲು ಬಂದಿದ್ದಾನೆಂದು ಮಕ್ಕಳೆಲ್ಲ ಸುತ್ತ ಸೇರಿದರು. ಅವನು ಇಲ್ಲಿ ಎಲ್ಲಿ ಇಳಿಯುತ್ತಾನೆ ಎಂಬ ಪ್ರಶ್ನೆ ಎದ್ದಿತು. ಮಾರಮ್ಮನ ಗುಡಿ ಮೇಲೆ ಎಂದರು ಕೆಲವರು. ಶಿವರಂಜಿನಿಯ ಮನೆ ಮೇಲೆ ಎಂದರು ಕೆಲವರು.

ಜಗಲಿಯ ಮೂಲೆಯಲ್ಲಿ ಮಲಗಿದ್ದ ಶಿವರಂಜಿನಿಯ ತಾತ ಗುರುಮಲ್ಲಯ್ಯ ಎದ್ದು ಕೂತರು. "ಯಾರ್ಲಾ ಅದು ನಮ್ ಮನೆ ಮೇಲ್ ಇಳಿಯೋನು? ಸೂರು ಶೀಟಿಂದು ಕಣ್ಲಾ, ಒಡ್ದೋಯ್ತದೆ. ಕ್ವಾತಿ ಕುಣ್ದೇ ಎರಡ್ ಶೀಟ್ ಓಗವೆ. ಬರೋದಾದ್ರೆ ಎಲ್ರಂಗೆ ನಡ್ಕಂಡ್ ಬರೇಳು."

ಮಕ್ಕಳು ನಕ್ಕರು. ಪುಟ್ಟಿಯೂ ಬಾಗಿಲ ಮರೆಯಲ್ಲಿ ನಕ್ಕಳು. ಶಿವರಂಜಿನಿ ನಗುತ್ತಾ ನಗುತ್ತಾ ತಟ್ಟನೆ ನಗು ನಿಲ್ಲಿಸಿದಳು. ಗೆಳತಿಯರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಹಾರೋದನ್ನ ತೆಗೆದುಬಿಡೋಣ್ವಾ?" ಎಂದಳು ಪವಿತ್ರ.

"ಹಾರ್ದಿದ್ರೆ ಅವನು ಸಿಡಿಲು ಹೆಂಗಾಗ್ತಾನೆ ಅಂತ ಸರ್ ಕೇಳ್ತಾರೆ."

"ಶೀಟು ಒಡೆದುಹೋಗುತ್ತೆ ಅಂತ ಹೇಳೋಣ."

ಹೀಗೆ ಕ್ಯಾಪ್ಟನ್ ಸಿಡಿಲು ಆಕಾಶವನ್ನೂ, ಹಾರಲು ಹೊದ್ದಿದ್ದ ಕಂಬಳಿಯನ್ನೂ ಕಳೆದುಕೊಂಡ. ಈಗ ಅವನು ಕಂದಕದ ಕಡೆಯಿಂದ ನಡೆದುಬರುತ್ತಾನೆ. ಮೊದಲು ಕೊನೆಯ ಮನೆಯ ಕದ ತಟ್ಟುತ್ತಾನೆ, ಆಮೇಲೆ ಅದರ ಪಕ್ಕದ್ದು. ಒಂದು ಮನೆಯನ್ನೂ ಹಾರಿ ದಾಟುವಂತಿಲ್ಲ. ಶಿವರಂಜಿನಿ ಅವನ ಹೆಜ್ಜೆಗಳನ್ನು ಚುಕ್ಕೆ ಚುಕ್ಕೆಯಾಗಿ ಗುರುತಿಸುತ್ತಾ ಕೇರಿ ದಾಟಿ, ಶಾಲೆ ದಾಟಿ, ಮೇಲಿನ ಬೀದಿಗೆ ಬಂದಳು. ಪವಿತ್ರಳ ಮನೆ ಮೊದಲು ಬರೆದಿದ್ದು ತೀರಾ ಚಿಕ್ಕದಾಗಿತ್ತು. ಅದನ್ನು ಅಳಿಸಿ ದೊಡ್ಡದಾಗಿ ತಾನೇ ಬರೆಯುತ್ತೇನೆಂದು ಪೆನ್ಸಿಲ್ ತೆಗೆದುಕೊಂಡಳು. ಬೇಗ ಬೇಗ ಬರೆದಳು. ಕೊಟ್ಟಿಗೆ, ಹಸು ಕಟ್ಟುವ ಗೂಟಗಳು, ಬಚ್ಚಲ ಒಲೆ, ಸೀಬೆಗಿಡ, ಅದರ ಪಕ್ಕದಲ್ಲಿ ಚಿಲಕ ಜೋತುಬಿದ್ದ ಹಿತ್ತಲ ಬಾಗಿಲು. ಸಿಡಿಲು ಆ ಬಾಗಿಲನ್ನು ತಟ್ಟುತ್ತಾ ನಿಂತ.

ಪವಿತ್ರ ನೋಡಿದಳು. ಒಂದು ಗೂಟವೂ ತಪ್ಪಿರಲಿಲ್ಲ. ಮನೆಗೆ ಮುಂಬಾಗಿಲೇ ಇರಲಿಲ್ಲ.

ಶಿವರಂಜಿನಿಗೂ ಅದು ಕಂಡಿತು. ಚಿಕ್ಕವಳಿದ್ದಾಗ ಅವ್ವನ ಜೊತೆ ನಿಮ್ಮನೆಗೆ ಬರುತ್ತಿದ್ದೆನಲ್ಲ, ನೋಡಿದ್ದು ಅಷ್ಟೇ ಎಂದಳು. ಅವಳು ಕುಹಕಕ್ಕೆ ಹೇಳಿರಲಿಲ್ಲ. ಅದಕ್ಕೇ ಪವಿತ್ರಳಿಗೆ ಕೂತಿರಲು ಆಗಲಿಲ್ಲ.

"ಎದ್ದೇಳು. ನಮ್ಮನೆಗೇ ಬಂದು ನೋಡ್ಕೊಂಡು ಬರೆಯುವೆಯಂತೆ."

ಪುಟ್ಟಿ ಬೇಡ ಎಂದಳು. ಶಿವರಂಜಿನಿ ಎದ್ದು ಚಪ್ಪಲಿ ಮೆಟ್ಟಿದಳು. ಪಟ್ಟಿ ಸರಿಯಾಗಿಯೇ ಇತ್ತು. ಶೀಟಿನ ಒಂದು ತುದಿಯನ್ನು ಅವಳು, ಇನ್ನೊಂದು ತುದಿಯನ್ನು ಪವಿತ್ರ ಹಿಡಿದುಕೊಂಡರು. ಸುರುಳಿ ಸುತ್ತಿದರೆ ಆಗಷ್ಟೇ ಎಳೆದ ಪೆನ್ಸಿಲ್ ಗೆರೆ ಉಜ್ಜಿಹೋಗುತ್ತಿತ್ತು. ಹಾಗಾಗಿ ಒಬ್ಬರು ಮುಂದೆ ಒಬ್ಬರು ಹಿಂದೆ ಹೋಗುವಂತಿರಲಿಲ್ಲ. ಅರಳೀಕಟ್ಟೆಯಲ್ಲಿ ಕೂತಿದ್ದ ಶಂಭುಲಿಂಗಪ್ಪ ಮಾತು ನಿಲ್ಲಿಸಿ ನೋಡಿದರು. ಪವಿತ್ರ ಶೀಟಿನ ಅಂಚನ್ನು ಬಿಡಲಿಲ್ಲ.

ಮನೆಯ ಜಗಲಿಯ ಮೇಲೆ, ಬಾಗಿಲಿಗೆ ಅಡ್ಡವಾಗಿ, ದೊಡ್ಡಮಲ್ಲಮ್ಮ ಕಾಲು ನೀಡಿ ಕೂತಿದ್ದರು. ಮಂಡಿನೋವಿನವರು, ಅವರು ಕೂರುವುದೇ ಹಾಗೆ. ಶಿವರಂಜಿನಿ ಮೆಟ್ಟಿಲ ಕೆಳಗೇ ನಿಂತಳು. ಇಬ್ಬರ ನಡುವೆ ಶೀಟು ಬಿಗಿಯಾಯಿತು.

"ಅಜ್ಜಿ, ಕಾಲು ತಗೊಳ್ಳಿ. ನಾವು ಒಳಗೆ ಹೋಗ್ಬೇಕು."

ಅಜ್ಜಿ ಮೊಮ್ಮಗಳನ್ನು ನೋಡಿದರು, ಆ ಹುಡುಗಿಯನ್ನು ನೋಡಿದರು, ನಡುವೆ ಇದ್ದ ಊರನ್ನು ನೋಡಿದರು. "ಇದೇನಮ್ಮಿ, ನಮ್ಮ ಕೊಟ್ಟಿಗೆ ಅಲ್ವಾ?" ಎಂದರು. ಹೌದು, ರಂಜಿ ಬರೆದದ್ದು, ಮುಂಬಾಗಿಲು ಅವಳಿಗೆ ಗೊತ್ತಿಲ್ಲ ಎಂದಳು ಪವಿತ್ರ. ದೊಡ್ಡಮಲ್ಲಮ್ಮ ಗೂಟಗಳ ಮೇಲೆ ಕಣ್ಣಾಡಿಸಿದರು. ಆಮೇಲೆ, "ನಿಮ್ಮಪ್ಪ ಬರ್ಲಿ," ಎಂದು ಗೊಣಗಿ, ಎರಡು ಕೈಯಲ್ಲೂ ಮಂಡಿ ಹಿಡಿದು, ಒಂದಾದ ಮೇಲೊಂದು ಕಾಲು ಮಡಚಿಕೊಂಡರು.

ನಡುಮನೆಯಲ್ಲಿ ಸುಧಾಮಣಿ ಚಾಪೆಯನ್ನು ಬಾಗಿಲಿಗೆ ಎದುರಾಗಿ ಹಾಸಿದಳು. ಶಿವರಂಜಿನಿ ತಲೆಯೆತ್ತಿ ಬಾಗಿಲವಾಡವನ್ನು ನೋಡಿದಳು. ಮರದಲ್ಲಿ ಕೆತ್ತಿದ ಬಳ್ಳಿ, ನಡುವೆ ಲಿಂಗ, ಒಣಗಿದ ಮಾವಿನ ತೋರಣ. ಹಿತ್ತಲ ಬಾಗಿಲನ್ನು ಅವಳು ಅಳಿಸಲಿಲ್ಲ. ಅದನ್ನು ಹಾಗೇ ಬಿಟ್ಟು ಮುಂದಿನ ಗೋಡೆಯಲ್ಲಿ ಗೆರೆ ಎಳೆಯತೊಡಗಿದಳು.

ಅರಳೀಕಟ್ಟೆಯ ತಿರುವಿನಲ್ಲಿ ಬೈಕಿನ ಸದ್ದು ಕೇಳಿಸಿತು. ಅದು ಅಪ್ಪನದೇ. ಕಟ್ಟೆಯ ಬಳಿ ಸ್ವಲ್ಪ ನಿಂತು, ಮತ್ತೆ ಹೊರಟು ಹತ್ತಿರ ಬಂತು. ಶಿವರಂಜಿನಿಯ ಪೆನ್ಸಿಲ್ ನಿಂತಿತು. ಹಿತ್ತಲ ಕಡೆಯಿಂದ ಹೋಗಿಬಿಡಲಾ ಎಂದು ಕಣ್ಣಲ್ಲೇ ಕೇಳಿದಳು.

ಪವಿತ್ರ ಚಾಪೆಯ ಮೇಲೆ ಗೆಳತಿಯ ಪಕ್ಕಕ್ಕೆ ಇನ್ನಷ್ಟು ಸರಿದು ಕೂತು, ಶೀಟಿನ ಮೂಲೆ ಮೇಲೇಳದಂತೆ ಅಂಗೈ ಊರಿದಳು.

"ಬಾಗಿಲು ಇನ್ನೂ ಮುಗಿದಿಲ್ಲ," ಎಂದಳು. "ಬರಿ."