ಗುರುಪಾದಪ್ಪನವರ ಶಿಫಾರಸು

ಗುರುಪಾದಪ್ಪನವರು ಪುಸ್ತಕ ಹಿಡಿಯುತ್ತಿದ್ದುದು ಓದುವುದಕ್ಕಿಂತ ಹೆಚ್ಚಾಗಿ ತೋರುವುದಕ್ಕೆ. ಮುಖಪುಟ ಲೋಕಕ್ಕೆ ಕಾಣುವಂತೆ ಎದೆಗೊತ್ತಿಕೊಂಡು, ಏಪ್ರಿಲ್ಲಿನ ಬೆವರಿಗೂ ಬಿಚ್ಚದ ಕರಿಯ ಕೋಟಿನಲ್ಲಿ, ಅವಸರವೇ ಪರಮಧರ್ಮವಾದ ಡೊಂಬಿವಲಿ ಸ್ಟೇಶನ್ನಿನ ಸೇತುವೆಯನ್ನು ಅವರು ಮದುವಣಿಗನ ಗಾಂಭೀರ್ಯದಿಂದ ಇಳಿಯತೊಡಗಿದರೆ, ಹಿಂದಿನಿಂದ "ಓ ಕಾಕಾ, ಚಲಾ ನಾ!" ಎಂದು, ಬೇಗ ನಡೆಯಿರೆಂಬ ಮರಾಠಿ ಕೂಗೇಳುತ್ತಿತ್ತು.

ಎಪ್ಪತ್ತೆಂಟರಿಂದ ನಮ್ಮ ಕನ್ನಡ ಸಂಘದ ಸೈಕ್ಲೋಸ್ಟೈಲ್ ಮಾಸಿಕದಲ್ಲಿ 'ಓದಲೇಬೇಕಾದ ಹೊಸ ಪುಸ್ತಕಗಳು' ಅಂಕಣ ಅವರದು. ಲೋಕಲ್ ರೈಲಿನಲ್ಲಿ ಒಂದು ಕೈ ಹಿಡಿಕೆಗೆ, ಇನ್ನೊಂದು ಪುಸ್ತಕಕ್ಕೆ; ಆಫೀಸಿದ್ದ ದಾದರ್ ಸ್ಟೇಶನ್ ಬಂದೊಡನೆ, ಪುಸ್ತಕ ಮುಗಿಯದಿದ್ದರೂ, ಓದು ಮುಗಿಯುತ್ತಿತ್ತು. ಆ ಅರ್ಧ ಓದಿನ ಬಲದಿಂದ ಅವರು ಇಡೀ ಕೃತಿಗೆ ದಯಪಾಲಿಸುತ್ತಿದ್ದ ಪ್ರಶಂಸೆಗೆ, ಆ ಅರ್ಧವನ್ನೂ ಓದದ ನಾವು ತಲೆದೂಗುತ್ತಿದ್ದೆವು.

ಎಂಬತ್ತಮೂರರಲ್ಲಿ ಸ್ತ್ರೀಸ್ವಾತಂತ್ರ್ಯದ ಕಾದಂಬರಿಯೊಂದನ್ನು 'ಪ್ರತಿ ಗೃಹಿಣಿಯ ಕೈಸೇರಬೇಕಾದ ಕೃತಿ' ಎಂದು ಬರೆದರು. ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಹೆಂಡತಿ ರುದ್ರವ್ವ ಅದನ್ನು ಓದಲು ಕೇಳಿದರು. ಉಲ್ಹಾಸನಗರದಲ್ಲಿರುವ ತನ್ನ ಒಡಹುಟ್ಟಿದ ಮಹಾದೇವಕ್ಕನ ಹೊಲಿಗೆ ಕಾರಖಾನೆಗೆ ದುಡಿಯಲು ಹೋಗುತ್ತೇನೆಂದು ಆಕೆ ಮೂರು ವರ್ಷದಿಂದ ಅಂಗಲಾಚುತ್ತಿದ್ದರು. ಪ್ರತಿಸಲವೂ ಮನೆತನದ ಮರ್ಯಾದೆ ಅಡ್ಡ ಬರುತ್ತಿತ್ತು.

"ಅದು ವಿಚಾರದ ಪುಸ್ತಕ, ನಿನಗ ತಿಳ್ಯಾಂಗಿಲ್ಲ. ಸಂಘದ ಕಪಾಟಿನಿಂದ ದೆವ್ವದ್ದ ಒಂದ ತಂದೇನಿ, ಟೈಮ್‌ಪಾಸ್ ಆಕ್ಕೈತಿ."

"ಅಂದ್ರ ನಾ ಗೃಹಿಣಿ ಅಲ್ಲೇನ್ರೀ?"

"ಏ, ಸಾಹಿತ್ಯದಾಗಿನ ಗೃಹಿಣಿ ಬ್ಯಾರೆ, ಬಿಡು."

ನಾನು ನಕ್ಕೆ. ಹಾಸ್ಯಲೇಖಕನೆನಿಸಿಕೊಂಡವನು ನಗಬಾರದ ಜಾಗದಲ್ಲಿ ನಕ್ಕದ್ದು ಅದೊಂದೇ ಸಲವಲ್ಲ, ಮರೆಯಲಾಗದ್ದು ಅದೊಂದೇ.

ಶ್ರಾವಣದ ಒಂದು ಸೋಮವಾರ ರುದ್ರವ್ವ ಅಡುಗೆ ಮಾಡಿ ಮುಚ್ಚಿಟ್ಟು, ಮನೆಯ ಬೀಗದ ಕೈಯನ್ನೂ ಆ ದೆವ್ವದ ಕಾದಂಬರಿಯನ್ನೂ ಪಕ್ಕದ ಚಂದ್ರಬಾಯಿಗೆ ಒಪ್ಪಿಸಿ, "ಇದನ್ನ ಸಂಘದ ಕಪಾಟಿಗೆ ಮುಟ್ಟಸ್ರಿ, ಎರಡ ಸಲ ಓದೇನಿ" ಎಂದು ಉಲ್ಹಾಸನಗರಕ್ಕೆ ಹೋದರು. ಮರಳಲಿಲ್ಲ.

ಕಪಾಟಿನಿಂದ ಅದನ್ನು ನಾನೇ ಒಯ್ದು ಓದಿದೆ. ಗಂಡನ ಮನೆಯಲ್ಲಿ ಸತ್ತ ಸೊಸೆಯೊಬ್ಬಳ ಆತ್ಮ, ಯಾರಾದರೂ ಬಾಗಿಲು ತೆರೆದಾರೆಂದು ನೂರು ವರ್ಷ ಒಳಗೇ ಕಾಯ್ದು, ಕಡೆಯ ಪುಟದಲ್ಲಿ, ಚಿಲಕ ಹಾಕಿಯೇ ಇರಲಿಲ್ಲವೆಂದು ಕಂಡುಕೊಳ್ಳುತ್ತದೆ.

ತಿಂಗಳ ಮೇಲೆ ಗುರುಪಾದಪ್ಪನವರು ನಮ್ಮ ಮನೆಗೆ ಬಂದು ಕುಳಿತರು. "ಅಲ್ರೀ, ಆ ಪುಸ್ತಕದಾಗ ಅಂಥಾದ್ದೇನ ಇತ್ತು? ನಾ ಲೋಕಲ್ಲಿನ್ಯಾಗ ಘಾಟಕೋಪರ ಸ್ಟೇಶನ್ ತನಕಾ ನೋಡಿದ್ದೆ. ಬರೇ ದೆವ್ವ ಇತ್ತು."

ಕಡೆಯ ಪುಟವನ್ನು ಹೇಳಿದೆ.

"ಅಕಿ ಅಲ್ಲೀಮಟಾ ಓದಿದ್ಲೇನ್ರೀ?"

ಹೊಸ ವಿಚಾರ ಬಂತೆಂದು ಎಲ್ಲರಿಗಿಂತ ಮೊದಲು ಸಾರುವವರು ಪ್ರತಿ ಊರಿನಲ್ಲೂ ಇರುತ್ತಾರೆ; ಅದು ಅವರದೇ ಮನೆಯ ವಿಳಾಸ ಕೇಳಿಕೊಂಡು ಬಂದರೆ ಎದುರುಮನೆಯತ್ತ ಬೆರಳು ತೋರಿಸುತ್ತಾರೆ. ಅವರ ಮಾತು ನಂಬಿ ಊರು ಓದುತ್ತದೆ, ಒಂದಿಷ್ಟು ಬದಲಾಗಲೂಬಹುದು. ಅವರಿಗೆ ಮಾತ್ರ ಆ ಸುದ್ದಿ ಎಲ್ಲರಿಗಿಂತ ಕಡೆಗೆ, ಮನೆ ಬರಿದಾದ ಮೇಲೆ, ನೆರೆಯವರ ಬಾಯಿಂದ ತಿಳಿಯುತ್ತದೆ.