ಗಾದಿಯ ಮೇಲಿನ ಕಂಪ್ಯೂಟರ್

ಕುತ್ತಿಗೆ ಹಿಡಿದುಕೊಂಡರೆ ನಾವೇನು ಮಾಡುತ್ತೇವೆ? ದಿಂಬು ಸರಿ ಇರಲಿಲ್ಲ ಎಂದುಕೊಂಡು ಎಣ್ಣೆ ಹಚ್ಚಿ ಸುಮ್ಮನಾಗುತ್ತೇವೆ. ಅಂಕಲಗಿಯ ತ್ರಿಶಲಾ ಹೀಗೆಯೇ ನಾಲ್ಕು ತಿಂಗಳು ತನ್ನ ದಿಂಬನ್ನು ಬೈದಳು. ಪಾಪ, ದಿಂಬಿನದು ಏನೂ ತಪ್ಪಿರಲಿಲ್ಲ.

ತ್ರಿಶಲಾ ಬಟ್ಟೆ ಅಂಗಡಿಯ ದಾದಾಸಾಹೇಬರ ಸೊಸೆ. ಅವರದು ಹಳೆಯ ಅಂಗಡಿ. ಬಿಳಿ ಚಾದರ ಹಾಸಿದ ಗಾದಿ, ಒರಗಲು ಲೋಡು, ಮುಂದೆ ಮೊಣಕಾಲೆತ್ತರದ ಗಲ್ಲಾಪೆಟ್ಟಿಗೆ. ಆ ಗಾದಿ ಎಂದರೆ ದಾದಾಸಾಹೇಬರಿಗೆ ದೇವರ ಜಾಗವಿದ್ದಂತೆ. ಮದುವೆಗೆ ಮುಂಚೆ ಹುಕ್ಕೇರಿಯಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದ ತ್ರಿಶಲಾ, ಎರಡು ಸಾವಿರದ ಮೂರರಲ್ಲಿ ಹಟ ಹಿಡಿದು ಅಂಗಡಿಗೆ ಕಂಪ್ಯೂಟರ್ ತರಿಸಿದಳು. ಲಗ್ನಪತ್ರಿಕೆ ಮಾಡಿಕೊಡುವ ಆಸೆ ಅವಳದು. ಮಾವ ಒಪ್ಪಿದರು, ಒಂದು ಷರತ್ತಿನ ಮೇಲೆ.

"ನಮ್ಮ ಅಂಗಡ್ಯಾಗ ಗಾದಿ ಮುಂದ ಖುರ್ಚಿ ಹಾಕಿ, ಕಾಲ ಇಳಿಬಿಟ್ಟ ಯಾರೂ ಕುಂತಿಲ್ಲವಾ. ನೀನೂ ಗಾದಿ ಮ್ಯಾಲನ ಕುಂತ ಮಾಡು."

ಹಾಗಾಗಿ ಕಂಪ್ಯೂಟರಿನ ಪರದೆ ಗಲ್ಲಾಪೆಟ್ಟಿಗೆಯ ಮೇಲೆ ಕುಳಿತಿತು. ಕೀಲಿಮಣೆ ತೊಡೆಯ ಮೇಲೆ, ಗಿರಾಕಿ ಬರೆದುಕೊಟ್ಟ ಕಾಗದ ಎಡಕ್ಕೆ ಚಾದರದ ಮೇಲೆ. ಲಗ್ನಸರಾಯಿಯಲ್ಲಿ, ಅಂದರೆ ಮದುವೆಯ ಹಂಗಾಮಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ತ್ರಿಶಲಾ ತಲೆ ಬಗ್ಗಿಸಿದ್ದೇ ಬಗ್ಗಿಸಿದ್ದು. ನಡುವೆ ಎದ್ದರೆ ದಾದಾಸಾಹೇಬರು, "ಕೆಲಸಾ ಮುಗಿಸಿ ಏಳಬೇಕವಾ" ಎನ್ನುತ್ತಿದ್ದರು.

ಮೊದಲು ಕುತ್ತಿಗೆ ನೋಯಿತು, ಆಮೇಲೆ ಭುಜ. ಕೊನೆಗೆ ಬಲಗೈ ಬೆರಳು ಜೋಮು ಹಿಡಿಯತೊಡಗಿತು. ಒಂದು ದಿನ ಚಹಾದ ಗ್ಲಾಸು ಕೈಯಿಂದ ಜಾರಿ ಬಿದ್ದೇಹೋಯಿತು. ಆದರೂ ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ಕಂಪ್ಯೂಟರ್ ಮಾರಿಬಿಡುತ್ತಾರೆ ಎಂಬ ಹೆದರಿಕೆ. ಊರವರ ಹೆಸರೆಲ್ಲ ತನ್ನ ಕೈಯಿಂದ ಅಚ್ಚಾಗಿ ಬರುವುದನ್ನು ನೋಡುವುದು ಅವಳಿಗೆ ಅಷ್ಟು ಇಷ್ಟವಿತ್ತು.

ಒಂದು ಮಧ್ಯಾಹ್ನ ಆಮ್ರಪಾಲಿ ತಮ್ಮನ ಲಗ್ನಪತ್ರಿಕೆ ಮಾಡಿಸಲು ಬಂದಳು. ಅವಳು ಇದೇ ಊರಿನ ಮಗಳು. ಗೋಕಾಕದ ಒಂದು ದವಾಖಾನೆಯಲ್ಲಿ ಫಿಸಿಯೋಥೆರಪಿಸ್ಟ್, ಅಂದರೆ ವ್ಯಾಯಾಮ ಹೇಳಿಕೊಟ್ಟು ಮೈನೋವು ಕಡಿಮೆ ಮಾಡುವವಳು. ಹೆಸರು ಬರೆದುಕೊಳ್ಳುತ್ತಿದ್ದ ತ್ರಿಶಲಾಳ ಕೈಯಿಂದ ಪೆನ್ನು ಎರಡು ಸಲ ಬಿದ್ದದ್ದನ್ನು ಅವಳು ನೋಡಿದಳು.

"ಎಷ್ಟ ದಿನಾ ಆತು, ಕೈ ಹಿಂಗಾಗಿ?"

"ಏನಿಲ್ಲ ಬಿಡ್ರಿ ಅಕ್ಕಾ," ಎಂದು ತ್ರಿಶಲಾ ಮಾವನ ಕಡೆ ನೋಡಿದಳು.

ದಾದಾಸಾಹೇಬರು ನಕ್ಕರು. "ಕುಂತ ಮಾಡೂ ಕೆಲಸಕ್ಕ ಎಂಥಾ ಬ್ಯಾನಿ? ನಲವತ್ತ ವರ್ಷಾ ಇದ ಗಾದಿ ಮ್ಯಾಲ ಕುಂತೇನಿ. ನನ್ನ ಕುತಗಿ ನೆಟ್ಟಗ ಐತಿ ನೋಡು. ಆಕೀಗೆ ಆಗೂದಿಲ್ಲಂದ್ರ ಮಾರಿಬಿಡೂಣು ಇದನ್ನ."

ತ್ರಿಶಲಾಳ ಕಣ್ಣು ತುಂಬಿತು. "ಬ್ಯಾಡ್ರಿ ಮಾವಾರ. ಅದಕ್ಕ ನಾ ಹೇಳಿದ್ದಿಲ್ರಿ."

"ಮಾರೂದು ಆಮ್ಯಾಲ ಕಾಕಾ," ಎಂದಳು ಆಮ್ರಪಾಲಿ. "ಮೊದಲ ನೀವ ಆಕೀ ಜಾಗಾದಾಗ ಅರ್ಧ ತಾಸ ಕುಂಡರ್ರಿ. ಈ ಕಾಗದಾ ನೋಡಿ ಒಂದೊಂದ ಅಕ್ಷರಾ ಒತ್ತರಿ. ಏಳಂಗಿಲ್ಲ, ಲೋಡಿಗೆ ಒರಗಂಗಿಲ್ಲ."

"ಅಷ್ಟ ಹೌದಿಲ್ಲೋ?" ಎಂದು ದಾದಾಸಾಹೇಬರು ಅಂಗಿಯ ತೋಳು ಮಡಚಿಕೊಂಡು ಕುಳಿತರು. ಮೂರನೆಯ ಹೆಸರಿಗೆ ಕೈ ಕುತ್ತಿಗೆಗೆ ಹೋಯಿತು. ಐದನೆಯ ಹೆಸರಿಗೆ ಮೆಲ್ಲನೆ ಲೋಡಿನ ಕಡೆ ವಾಲಿದರು.

"ಒರಗಂಗಿಲ್ಲ ಅಂದಿದ್ನಿ ಕಾಕಾ!"

ಅಷ್ಟರಲ್ಲಿ ಯಾರೋ ಟವೆಲ್ ಕೇಳಿಕೊಂಡು ಬಂದರು. ದಾದಾಸಾಹೇಬರು ಹುಡುಗನಂತೆ ಜಿಗಿದು ಎದ್ದರು. ಗಿರಾಕಿಯನ್ನು ಅಷ್ಟು ಪ್ರೀತಿಯಿಂದ ಅವರು ಎಂದೂ ಕರೆದಿರಲಿಲ್ಲ.

"ಈಗ್ಯಾಕ ಎದ್ರಿ?"

"ಗಿರಾಕಿ ಬಂದಾರಲ್ಲವಾ."

"ನಾನೂ ಅದನ್ನ ಹೇಳಾಕತ್ತೇನ್ರಿ. ನಲವತ್ತ ವರ್ಷಾ ನೀವು ಬರೇ ಕುಂತಿಲ್ಲ ಕಾಕಾ, ದಿನಾ ನೂರ ಸಲ ಎದ್ದೀರಿ. ಬಟ್ಟಿ ತಗ್ಯಾಕ ಎದ್ದೀರಿ, ಅಳ್ಯಾಕ ಎದ್ದೀರಿ. ತ್ರಿಶಲಾಗ ಏಳಾಕ ಯಾರ ಬಿಟ್ಟಾರ?"

ದಾದಾಸಾಹೇಬರು ಕುತ್ತಿಗೆ ತಿಕ್ಕಿಕೊಳ್ಳುತ್ತ ಗಿರಾಕಿಗೆ ಟವೆಲ್ ಕೊಟ್ಟು ಕಳಿಸಿದರು. ಆಮೇಲೆ ಸೊಸೆಗೆ ಹೇಳಿದರು: "ಖರೇನ ತಪ್ಪಾತವಾ. ಮಷೀನ ಹ್ವಾದ್ರ ಇನ್ನೊಂದ ಬರತೈತಿ. ನಿನ್ನ ಕೈ ಎಲ್ಲಿಂದ ತರೂಣು? ಏನ ಮಾಡಬೇಕ ಹೇಳು ಆಮ್ರಪಾಲಿ."

"ಮೊದಲ ಗೋಕಾಕದಾಗ ಡಾಕ್ಟರಿಗೆ ತೋರಸ್ರಿ. ಜೋಮ ಹಿಡದ ಮ್ಯಾಲ ತಡಾ ಮಾಡಬಾರದು. ಕುತಗಿ ತಿರವಿ ಲಟಕ್ ಅನಸೂರ ಕಡೆ ಮಾತ್ರ ಹೋಗಬ್ಯಾಡ್ರಿ. ಆಮ್ಯಾಲ ಆಕೀಗೆ ಒಂದ ಖುರ್ಚಿ, ಒಂದ ಟೇಬಲ್. ಬೆನ್ನ ಖುರ್ಚಿಗೆ ಹತ್ತಿರಬೇಕು, ಪಾದಾ ನೆಲಕ್ಕ ಊರಿರಬೇಕು. ಪರದೇದ ಮ್ಯಾಲಿನ ಅಂಚು ಕಣ್ಣಿನ ಸಮಾ, ಒಂದ ತೋಳ ದೂರ. ಮೊಣಕೈ ಮೈಗೆ ಹತ್ತಿ, ಮಣಿಕಟ್ಟ ನೆಟ್ಟಗ. ಕಾಗದಾ ಪರದೆ ಬಾಜೂಕ ನಿಂದರಸ್ರಿ. ಅರ್ಧ ತಾಸಿಗೊಮ್ಮೆ ಏಳಲೇಬೇಕು."

ಬಡಿಗ ಮಾಲಿಂಗಪ್ಪ ನಾಲ್ಕೇ ದಿನದಲ್ಲಿ ಟೇಬಲ್ ಮಾಡಿಕೊಟ್ಟ. ಪರದೆ ಇನ್ನೂ ನಾಲ್ಕು ಬೆರಳು ಕೆಳಗಿತ್ತು. ದಾದಾಸಾಹೇಬರು ಬಟ್ಟೆ ಸುತ್ತುವ ಹಳೆಯ ಹಲಗೆಗಳನ್ನು ತಾವೇ ಅದರಡಿ ಇಟ್ಟರು. ಡಾಕ್ಟರು ಪರೀಕ್ಷೆ ಮಾಡಿ ಔಷಧ ಕೊಟ್ಟರು, ಆಮ್ರಪಾಲಿ ವ್ಯಾಯಾಮ ಕಲಿಸಿದಳು. ಮೂರು ತಿಂಗಳಲ್ಲಿ ಜೋಮು ಬಿಟ್ಟಿತು. ಗಾದಿ ಎಲ್ಲಿತ್ತೋ ಅಲ್ಲೇ ಇದೆ, ಖುರ್ಚಿ ಅದರ ಪಕ್ಕದಲ್ಲಿದೆ. ಯಾವ ದೇವರೂ ಮುನಿಸಿಕೊಳ್ಳಲಿಲ್ಲ.

ಈಗ ಅಂಗಡಿಯಲ್ಲಿ ಅರ್ಧ ತಾಸಿಗೊಮ್ಮೆ ಒಂದು ಕೂಗು ಕೇಳುತ್ತದೆ.

"ತ್ರಿಶಲಾ, ಬಾಗಲಾಗ ಯಾರ ಬಂದಾರ ನೋಡವಾ!"

ತ್ರಿಶಲಾ ಎದ್ದು ಹೋಗಿ ನೋಡಿ ಬರುತ್ತಾಳೆ. "ಯಾರೂ ಇಲ್ರಿ ಮಾವಾರ."

"ಗೊತ್ತೈತಿ. ಭುಜಾ ತಿರವಿ ಕುಂಡ್ರು."

ಬಂಧುಗಳೇ, ನಿಮ್ಮ ಮನೆಯಲ್ಲೂ ಯಾರಾದರೂ ಕಂಪ್ಯೂಟರಿನ ಮುಂದೆ ದುಡಿಯುತ್ತಿರಬಹುದು. ಅವರು ಹೇಗೆ ಕುಳಿತಿದ್ದಾರೆ ಎಂದು ಇವತ್ತೇ ಹೋಗಿ ನೋಡಿ. ಕುತ್ತಿಗೆ ನೋವು, ಕೈ ಜೋಮು ಎಂದರೆ ನಗಬೇಡಿ, ಡಾಕ್ಟರಿಗೆ ತೋರಿಸಿ. ಕೆಲಸ ಬಿಡಿಸಬೇಡಿ, ಕುಳಿತುಕೊಳ್ಳುವ ರೀತಿ ಬದಲಿಸಿ. ನೋವಿದ್ದವರೇ, ಮುಚ್ಚಿಡಬೇಡಿ. ಇಷ್ಟು ಹೊತ್ತು ತಲೆ ಬಗ್ಗಿಸಿ ಇದನ್ನು ಓದಿದಿರಲ್ಲ, ಈಗ ಎದ್ದೇಳಿ. ಬಾಗಿಲಲ್ಲಿ ಯಾರು ಬಂದಿದ್ದಾರೆ, ನೋಡಿ ಬನ್ನಿ.