ಚೀಲದೊಳಗೆ ಹೋದ ಪ್ರಾರ್ಥನೆ ವಹಿ

ಸಲೋಮವ್ವ ಆ ವಹಿಯನ್ನು ಕಳಕೊಂಡದ್ದು ಅದನ್ನು ಬಚ್ಚಿಡಲು ಹೋಗಿ.

ಗುರುವಾರ ಬ್ಯಾಡಗಿ ಪೇಟೆಯ ದಿನ. ಹಾಲೇಶಪ್ಪ ಸಾವುಕಾರರ ದಲಾಲಿ ಅಂಗಡಿಯ ಹಿಂದಿನ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕೂತು ತುಂಬು ಬಿಡಿಸುತ್ತಿದ್ದರು. ತುಂಬೆಂದರೆ ಕಾಯಿಯ ತೊಟ್ಟು. ಬಿಡಿಸಿದ ಕಾಯಿ ಮೊರದಲ್ಲಿ, ಮೊರ ತುಂಬಿದರೆ ಚೀಲದಲ್ಲಿ. ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಯಾರಾದರೂ ಒಬ್ಬಳು ಸಲೋಮವ್ವನ ಕಡೆಗೆ ಸರಿದು, "ಯಕ್ಕಾ, ನಂದೊಂದು ಬರಕೋ" ಅನ್ನುವುದು ಈ ವರ್ಷದಲ್ಲಿ ರೂಢಿಯಾಗಿ ಹೋಗಿತ್ತು. ಮಗಳಿಗೆ ಗಂಡು ಸಿಗಲಿ ಅಂತ ಒಬ್ಬಳು, ಮಂಡಿನೋವು ಹೋಗಲಿ ಅಂತ ಒಬ್ಬಳು. ಸಲೋಮವ್ವ ತೊಡೆಯಡಿಯಿಂದ ನೂರು ಪುಟದ ವಹಿ ತೆಗೆದು, ಖಾರದ ಕೈಯಿಂದಲೇ ಬರೆದುಕೊಂಡು, ಭಾನುವಾರ ತನ್ನ ಮನೆಯ ಪ್ರಾರ್ಥನಾ ಕೂಟದಲ್ಲಿ ಅದನ್ನು ಮುಂದಿಟ್ಟುಕೊಂಡು ಪ್ರಾರ್ಥಿಸುವಳು. ಪುಟಗಳ ಅಂಚೆಲ್ಲ ಕೆಂಪಾಗಿತ್ತು.

ಆ ಗುರುವಾರ ಅವಳು ಬರೆಯುತ್ತಿರುವಾಗಲೇ ಸಾವುಕಾರರು ಅಂಗಳಕ್ಕೆ ಬಂದುಬಿಟ್ಟರು. ಅವರು ಯಾವತ್ತೂ ಆ ಹೊತ್ತಿಗೆ ಬರುವವರಲ್ಲ. ಸಲೋಮವ್ವ ಕೈಯಲ್ಲಿದ್ದ ವಹಿಯನ್ನು ಮೊರದ ಮೆಣಸಿನಕಾಯಿಯೊಳಗೆ ತುರುಕಿ, ಮೇಲೆ ಎರಡು ಬೊಗಸೆ ಕಾಯಿ ಎಳೆದುಕೊಂಡಳು. ಸಾವುಕಾರರು ಅಲ್ಲಿಯೇ ನಿಂತು ಫೋನಿನಲ್ಲಿ ಮಾತಾಡತೊಡಗಿದರು. ತಲೆ ಎತ್ತದೆ ಅವಳು ಬಿಡಿಸುತ್ತಲೇ ಹೋದಳು. ಮೊರ ತುಂಬಿತು. ಮೂವತ್ತು ವರ್ಷದಿಂದ ಮಾಡಿದ ಕೈ, ಮನಸ್ಸನ್ನು ಕೇಳಲಿಲ್ಲ. ಎದ್ದು ಹೋಗಿ ಚೀಲಕ್ಕೆ ಸುರಿದು ಬಂತು.

ನೆನಪಾದದ್ದು ಸಂಜೆ ಐದಕ್ಕೆ, ಸೆರಗು ಝಾಡಿಸಿ ಎದ್ದಾಗ. ಅಷ್ಟರಲ್ಲಿ ಹಮಾಲ ನಬಿಸಾಬ ಚೀಲಗಳ ಬಾಯಿ ಹೊಲಿದು ಮುಗಿಸಿದ್ದ.

"ನಾಕ ಚೀಲ ಹೊಲದೇನಿ ಯಕ್ಕಾ," ಅಂದ ಅವನು, ದಬ್ಬಣವನ್ನು ಟೊಪ್ಪಿಗೆಗೆ ಚುಚ್ಚಿಕೊಳ್ಳುತ್ತ. "ಮೂರು ಕೋಲ್ಡ್ ಸ್ಟೋರೇಜಿಗೆ ಹೋದ್ವು. ಒಂದು ಸಾವುಕಾರ್ರ ಮನಿಗೆ, ವರ್ಷದ ಖಾರಕ್ಕ."

"ನಾ ಸುರದದ್ದು ಯಾವ ಚೀಲಕ್ಕ?"

"ಅದನ್ನ ಮೆಣಸಿನಕಾಯಿನ್ನ ಕೇಳಬೇಕು."

ಪಕ್ಕದಲ್ಲಿ ನಿಂತಿದ್ದ ಬಿಸ್ಮಿಲ್ಲಾಬಿ ನಕ್ಕಳು. ಇಪ್ಪತ್ತು ವರ್ಷದಿಂದ ಇವರಿಬ್ಬರೂ ಒಂದೇ ರಾಶಿಗೆ ಕೂರುವವರು. ಗೆಳತಿಯ ಮುಖ ನೋಡಿದವಳೇ ನಗು ನಿಲ್ಲಿಸಿದಳು. "ಕೋಲ್ಡ್ ಸ್ಟೋರೇಜಿಗೆ ಹೋಗಿದ್ರ ಚಲೋ ಆತಲ್ಲಬೇ. ಆರು ತಿಂಗಳು ತಣ್ಣಗ ಮಲಗಿರತೈತಿ. ನಿಮ್ಮ ದೇವರಿಗೂ ನಾಕ ದಿನ ಸೂಟಿ."

"ಮನೀಗೆ ಹೋಗಿದ್ರ?"



ಆ ವಹಿಯಲ್ಲಿ ಸಾವುಕಾರರ ಸೊಸೆ ಗಂಗಾ ತನ್ನ ಕೈಯಾರೆ ಬರೆದ ಒಂದು ಪುಟವಿತ್ತು. ಅದರಲ್ಲೇನಿದೆ ಎಂಬುದು ಗಂಗಾಳನ್ನು ಬಿಟ್ಟರೆ ಲೋಕದಲ್ಲಿ ಸಲೋಮವ್ವ ಒಬ್ಬಳಿಗೇ ಗೊತ್ತಿತ್ತು.

* * *

ರಾತ್ರಿ ಊಟ ಸೇರಲಿಲ್ಲ. ಮರುದಿನ ಕೆಲಸಕ್ಕೂ ಹೋಗಲಿಲ್ಲ. ಪಡಸಾಲೆಯಲ್ಲಿ ಕೂತು, ಆ ವಹಿಯಲ್ಲಿ ಏನೇನಿದೆ ಎಂದು ಮೊದಲ ಪುಟದಿಂದ ನೆನಪು ಮಾಡಿಕೊಳ್ಳತೊಡಗಿದಳು. ಯಾರ ಯಾರ ತಲೆಯ ಮೇಲೆ ಕತ್ತಿ ತೂಗುತ್ತಿದೆ ಅನ್ನುವುದಾದರೂ ತಿಳಿಯಬೇಕಲ್ಲ.

ಮೊದಲ ಪುಟದಲ್ಲಿ ಏಳು ಹೆಸರು. ಹೋದ ವರ್ಷ ಫೆಬ್ರವರಿಯಲ್ಲಿ ಇದೇ ಪಡಸಾಲೆಯಲ್ಲಿ ಕೂಟ ಶುರುವಾದಾಗ ಇದ್ದದ್ದು ಏಳೇ ಜನ. ಸಲೋಮವ್ವ ಮೋಟೆಬೆನ್ನೂರಿನ ಹಳೆಯ ಕ್ರೈಸ್ತ ಮನೆತನದವಳು. ಅವಳ ಮುತ್ತಜ್ಜನ ಕಾಲದಿಂದಲೂ ಇವರು ಹೀಗೇ, ಅದು ಊರಿಗೆಲ್ಲ ಗೊತ್ತು, ಯಾರೂ ಕೇಳಿದವರಿಲ್ಲ. ಗಂಡ ತೀರಿದ ಮೇಲೆ ಮಂಡಿನೋವು ಹಿಡಿದು ಮೋಟೆಬೆನ್ನೂರಿನ ಯೇಸುವಿನ ಗುಡಿಗೆ ಹೋಗಲಾರದಾದಾಗ, ರಾಣೆಬೆನ್ನೂರಿನ ಪಾದ್ರಿ ಕರುಣಾಕರ ಅಯ್ಯನವರು, "ನೀ ಬರಾಕ ಆಗಂಗಿಲ್ಲಂದ್ರ ನಾನ ಬರ್ತೇನಿ. ಚಾ ಮಾತ್ರ ಗಟ್ಟಿ ಇರಬೇಕು" ಎಂದು ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರತೊಡಗಿದ್ದರು.

ಆಮೇಲೆ ಜನ ಬಂದರು. ಯಾರೂ ಕರೆದದ್ದಲ್ಲ, ತಾವಾಗಿ ಬಂದರು. ಕಾಲಿನ ಗಾಯ ಮಾಯದ ಕಾವೇರಿ ಬಂದಳು. ಗಾಯ ಮಾಯಲಿಲ್ಲ, ಆದರೂ ಪ್ರತಿ ವಾರ ಬಂದಳು, ಇಲ್ಲಿ ಯಾರಾದರೂ ಗಾಯಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ನೋಡುತ್ತಾರೆ ಅಂತ. ಟ್ರ್ಯಾಕ್ಟರ್ ಓಡಿಸುವ ಮೈಲೇಶ ಬಂದು, "ಕುಡ್ಯೂದು ಬಿಡಬೇಕು ಅಂತ ಬರೀರಿ, ಹೇಣ್ತಿಗೆ ಮಾತ್ರ ತೋರಸಬ್ಯಾಡ್ರಿ" ಅಂದ. ಮುಂದಿನ ವಾರ ಹೆಂಡತಿ ಬಂದು ಅದನ್ನೇ ಬರೆಸಿ, "ಆತಗ ಹೇಳಬ್ಯಾಡ್ರಿ" ಅಂದಳು. ಎದುರುಬದುರಿನ ಎರಡು ಪುಟಗಳು ಅವು. ದೀಪಾವಳಿಯ ಹೊತ್ತಿಗೆ ಇಪ್ಪತ್ತೆಂಟು. ಕ್ರಿಸ್‌ಮಸ್ಸಿಗೆ ಪಡಸಾಲೆ ಸಾಲದೆ ಹಿತ್ತಲಿಗೆ ತಗಡು ಹೊದಿಸಿದರು. ಈಗ ನಲವತ್ತಮೂರು. ಈ ಭಾನುವಾರ ವರ್ಷ ತುಂಬುತ್ತಿತ್ತು. ವರ್ಷದ ವರದಿಯನ್ನು ಸಲೋಮವ್ವನೇ ಹೇಳಬೇಕು ಅಂತ ಅಯ್ಯನವರು ತಿಂಗಳ ಮೊದಲೇ ಹೇಳಿಟ್ಟಿದ್ದರು.

ಏಳು ಮಂದಿ ಇದ್ದಾಗ ಯಾರೂ ತಿರುಗಿ ನೋಡಿರಲಿಲ್ಲ. ನಲವತ್ತಮೂರು ಜೊತೆ ಚಪ್ಪಲಿ ಬಾಗಿಲ ಮುಂದೆ ಬಿದ್ದರೆ ಓಣಿಯೇ ನೋಡುತ್ತದೆ. ಜನವರಿಯಲ್ಲಿ ಮೋಟಾರು ಸೈಕಲ್ಲಿನ ಮೇಲೆ ಬಂದ ಇಬ್ಬರು ಆ ಚಪ್ಪಲಿಗಳ ಫೋಟೋ ತೆಗೆದುಕೊಂಡು ಹೋದರು. ಒಂದು ಮಾತಾಡಲಿಲ್ಲ. ಬೈದಿದ್ದರೆ ಒಳಿತಿತ್ತು. ಅವತ್ತಿನಿಂದ ಸಲೋಮವ್ವ ಬಾಗಿಲಲ್ಲಿ ಗೋಣಿಚೀಲ ಹಿಡಿದು ನಿಂತು, ಬಂದವರ ಚಪ್ಪಲಿಯನ್ನೆಲ್ಲ ಅದರೊಳಗೆ ಹಾಕಿಸಿ ಒಳಗೆ ಇಡುತ್ತಿದ್ದಳು. ಕೂಟ ಮುಗಿದ ಮೇಲೆ ಚೀಲ ಬೋರಲು ಹಾಕಿ ಜೋಡಿ ಹುಡುಕುವುದೇ ಅರ್ಧ ತಾಸು. ಎಲ್ಲರೂ ನಗುತ್ತಿದ್ದರು. ಅವಳು ಮಾತ್ರ ಆ ಅರ್ಧ ತಾಸು ಓಣಿಯ ಕಡೆಯೇ ಕಿವಿ ಇಟ್ಟು ನಿಂತಿರುತ್ತಿದ್ದಳು.

ಗಂಗಾ ಬರತೊಡಗಿದ್ದು ಮಳೆಗಾಲದಲ್ಲಿ, ಹೊಲಿಗೆ ಕಲಿಯಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ. ಎಲ್ಲರ ಹಿಂದೆ ಕೂರುವಳು, ಹಾಡುವಾಗ ತುಟಿ ಅಷ್ಟೇ ಆಡಿಸುವಳು. ಎರಡು ಸಲ ಬಸಿರು ನಿಂತು ಮೂರು ತಿಂಗಳಿಗೇ ಹೋಗಿತ್ತು. ಎರಡನೆಯ ಸಲವಂತೂ ಅತ್ತೆ ಓಣಿಗೆಲ್ಲ ಹೋಳಿಗೆ ಹಂಚಿದ ವಾರಕ್ಕೇ. ಹೋದ ಭಾನುವಾರ ವಹಿ ಇಸಿದುಕೊಂಡು, ಯಾರಿಗೂ ಕಾಣದ ಹಾಗೆ ಗೋಡೆಗೆ ತಿರುಗಿ ಬರೆದಳು: "ಮೂರನೆಯ ಸಲ. ಹಾವೇರಿಯಲ್ಲಿ ತೋರಿಸಿಕೊಂಡು ಬಂದೆ. ಮನೆಯಲ್ಲಿ ಹೇಳಿಲ್ಲ. ಇದೂ ಹೋದರೆ ಅತ್ತೆಯವರ ಮುಖ ಇನ್ನೊಮ್ಮೆ ನೋಡಲಾರೆ." ಕೆಳಗೆ ಹೆಸರು. ಹೆಸರು ಬ್ಯಾಡ ಅನ್ನಬೇಕೆಂದು ಸಲೋಮವ್ವನ ನಾಲಗೆಗೆ ಬಂದಿತ್ತು, ಅನ್ನಲಿಲ್ಲ. ಮರುದಿನವೇ ಗಂಗಾ ಹೊಸರಿತ್ತಿಯ ತವರಿಗೆ ಹೋಗಿದ್ದಳು. ಭಾನುವಾರ ಬಸ್ಸಿಳಿದು ನೇರ ಕೂಟಕ್ಕೇ ಬರುತ್ತೇನೆ ಅಂದಿದ್ದಳು.

ಆ ಪುಟ ಹಾಲೇಶಪ್ಪನವರ ಕೈಗೆ ಸಿಕ್ಕರೆ? ಸೊಸೆ ಸುಳ್ಳು ಹೇಳಿ ಇಲ್ಲಿಗೆ ಬರುತ್ತಿದ್ದದ್ದೂ ಗೊತ್ತಾಗುತ್ತದೆ, ಹೊಟ್ಟೆಯಲ್ಲಿದ್ದದ್ದೂ ಗೊತ್ತಾಗುತ್ತದೆ. ಆ ಹುಡುಗಿಗೆ ಆ ಮನೆಯಲ್ಲಿ ಜಾಗವಿರುತ್ತದೆಯೋ ಇಲ್ಲವೋ. ಇನ್ನು ಉಳಿದ ನಲವತ್ತೆರಡು ಹೆಸರು, ಓಣಿ ಸಮೇತ, ತನ್ನದೇ ಅಕ್ಷರದಲ್ಲಿ. ಮತಾಂತರ ಮಾಡುತ್ತಾರೆಂದು ದೂರು ಕೊಡಬೇಕೆನ್ನುವವರು ಬೇರೆ ಏನೂ ಬರೆಯುವುದೇ ಬೇಕಾಗಿರಲಿಲ್ಲ.

* * *

ಶನಿವಾರ ಮುಂಜಾನೆ ನಬಿಸಾಬ ಬಾಗಿಲಿಗೆ ಬಂದ. "ಭರಮವ್ವಾರು ಕರದಾರ. ಈಗಿಂದೀಗ ಬಾ ಅಂದಾರ."

ಭರಮವ್ವ ಅಂದರೆ ಹಾಲೇಶಪ್ಪನವರ ಹೆಂಡತಿ, ಗಂಗಾಳ ಅತ್ತೆ.

"ಸಾವುಕಾರ್ರು?"

"ಶನಿವಾರಲ್ಲಾ. ತಂದಿ ಮಗಾ ಇಬ್ಬರೂ ಕದರಮಂಡಲಗಿ ಹಣಮಪ್ಪನ ಗುಡಿಗೆ ಹೋಗ್ಯಾರ."

ದಾರಿಯುದ್ದಕ್ಕೂ ಸಲೋಮವ್ವನಿಗೆ ಪ್ರಾರ್ಥನೆಯ ಒಂದು ಶಬ್ದವೂ ನೆನಪಿಗೆ ಬರಲಿಲ್ಲ. ನಲವತ್ತಮೂರು ಮಂದಿಗಾಗಿ ಬೇಡಿಕೊಂಡ ಬಾಯಿ ಅದು.

ಭರಮವ್ವ ಹಿತ್ತಲಲ್ಲಿ ಮೆಣಸಿನಕಾಯಿ ಹರವಿಕೊಂಡು ಕೂತಿದ್ದಳು. ಚೀಲದ ಹೊಲಿಗೆ ಬಿಚ್ಚಿತ್ತು. ವಹಿ ಅವಳ ಮಗ್ಗುಲಲ್ಲೇ ಇತ್ತು, ಮಣೆಯ ಮೇಲೆ.

"ಕುಂದರ ಸಲೋಮವ್ವ. ಈ ಸಲ ಖಾರ ನಾನ ಕುಟ್ಟಸಾಕತ್ತೇನಿ. ಗಂಗಾಗ ಘಾಟ ಬ್ಯಾಡಂತ."

ಸಲೋಮವ್ವ ಕೂತಳು.

"ಇದು ನಿಂದೇನು?"

"ಹೌದ್ರಿ ಅವ್ವಾರ."

"ನನಗ ಓದಾಕ ಬರಂಗಿಲ್ಲ, ನಿನಗ ಗೊತ್ತೈತಿ." ಭರಮವ್ವ ವಹಿಯ ಕೊನೆಯ ಪುಟಗಳನ್ನು ಬಿಡಿಸಿ ಒಂದು ಕಡೆ ಬೆರಳಿಟ್ಟಳು. "ಅಡಗಿಮನಿಯಾಗ ಡಬ್ಬಿ ಮ್ಯಾಲ ಗಂಗಾ ಚೀಟಿ ಹಚ್ಚ್ಯಾಳ. ಜೀರಗಿ, ಸಾಸಿವಿ, ಮೆಂತೆ. ನಾ ಓದೂದಿಲ್ಲ, ದಿನಾ ನೋಡ್ತೇನಿ. ಹಿಂಗ ದುಂಡ ದುಂಡಕ ಬರಿಯಾಕಿ ನಮ್ಮ ಮನಿಯಾಗ ಒಬ್ಬಾಕಿನ. ಏನ ಬರದಾಳ, ಓದು."

ಸಲೋಮವ್ವನ ತಲೆಯಲ್ಲಿ ಸುಳ್ಳೊಂದು ತಯಾರಾಗಿ ಬಂದು ನಿಂತಿತು. ಅತ್ತೆಯ ಆರೋಗ್ಯ ಚೆನ್ನಾಗಿರಲಿ ಅಂತ ಬರೆದಿದ್ದಾಳೆ ಎಂದರೆ ಮುಗಿಯಿತು. ಓದಲು ಬಾರದವರ ಮುಂದೆ ಎಷ್ಟು ಸುಲಭ. ಬಾಯಿ ತೆರೆದಳು. ತಾನೂ ಮೂವತ್ತು ದಾಟುವವರೆಗೆ ಅಕ್ಷರ ಕಾಣದವಳು. ಅಂಗಡಿಯವರು ಓದಿದ್ದೇ ಕಾಗದ, ಹೇಳಿದ್ದೇ ಖರೇ ಎಂದು ಬದುಕಿದವಳು.

"ಓದಂಗಿಲ್ರಿ ಅವ್ವಾರ."

"ಯಾಕ, ಅಕ್ಷರ ತಿಳೀವಲ್ತೇನು?"

"ತಿಳಿತಾವ್ರಿ. ಅದು ಆಕಿ ದೇವರ ಮುಂದ ಇಟ್ಟದ್ದು. ನಿಮ್ಮ ಮುಂದ ಆಕೀನ ಇಡಬೇಕು. ಆಕಿನ್ನ ಕೇಳ್ರಿ."

"ನಮ್ಮನಿಯವರ ಕೈಯಾಗ ಕೊಟ್ರ ಅವರು ಓದ್ತಾರ."

"ಓದ್ತಾರ್ರಿ," ಅಂದಳು ಸಲೋಮವ್ವ. "ಹಂಗ ಮಾಡಬ್ಯಾಡ್ರಿ ಅಂತ ಕೈ ಮುಗೀತೇನಿ. ಆದ್ರ ನಾ ಓದಂಗಿಲ್ಲ."

ಭರಮವ್ವ ಒಂದು ಮೆಣಸಿನಕಾಯಿ ಹಿಡಿದು ಅದರ ಬೀಜ ಗಲಗಲ ಆಡಿಸಿದಳು.

"ಕೇಳೇನಿ ಆಕಿನ್ನ. ದಿನಾ ಕೇಳ್ತೇನಿ. ಎಲ್ಲಾ ಚಲೋ ಐತ್ರಿ ಅಂತಾಳ. ವರ್ಷಾತು, ಎಲ್ಲಾ ಚಲೋ ಐತಿ ಅಂತಾಳ. ನನ್ನ ಮುಂದ ಹೇಳದ್ದು ನಿಮ್ಮ ಮುಂದ ಬಂದು ಗ್ವಾಡಿಗೆ ಮಾರಿ ಹಾಕಿ ಬರೀತಾಳ." ಕಾಯಿಯನ್ನು ರಾಶಿಗೆ ಎಸೆದಳು. "ನಾಳೆ ಎಷ್ಟೊತ್ತಿಗೆ ನಿಮ್ಮ ಕೂಟ?"

ಗೋಡೆಯ ಮಾತು ಇವಳಿಗೆ ಯಾರು ಹೇಳಿದರು? ಕೂಟಕ್ಕೆ ಬರುವ ಅಂಗಡಿಯ ಹೆಂಗಸರಲ್ಲಿ ಯಾರೋ ಬಾಯಿ ಬಿಟ್ಟಿರಬೇಕು ಅಂದುಕೊಂಡಳು ಸಲೋಮವ್ವ. "ಮೂರಕ್ಕ್ರಿ."

"ಹೋಗಿನ್ನ."

ವಹಿ ಮಣೆಯ ಮೇಲೆಯೇ ಉಳಿಯಿತು.

* * *

ಭಾನುವಾರ ಅಯ್ಯನವರು ಬಸ್ಸಿಳಿದು ಬಂದು, ವಿಷಯ ಕೇಳಿ, ಚಹದ ಬಟ್ಟಲನ್ನು ಹಾಗೇ ಕೆಳಗಿಟ್ಟರು. ಯಾವತ್ತೂ ನಗಿಸುವವರು. ಅವತ್ತು, "ಇವತ್ತ ಬ್ಯಾಡಂತ ಎಲ್ಲಾರಿಗೂ ಹೇಳಿ ಕಳಸೋಣೇನು?" ಅಂದರು.

"ಗಂಗಾ ಬಸ್ಸಿನ್ಯಾಗ ಅದಾಳ್ರಿ. ಆಕಿ ಬಂದ್ರ ಬಾಗಿಲ ಹಾಕಿರಬೇಕೇನು?" ಅಂದಳು ಸಲೋಮವ್ವ. "ನಡೀಲಿ."

ಎಂದಿನಂತೆ ಗೋಣಿಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಎಲ್ಲರ ಚಪ್ಪಲಿ ಒಳಗೆ ಹೋಯಿತು. ಗಂಗಾ ಬಿಟ್ಟು ಎಲ್ಲರೂ ಬಂದರು. ಯಾರಿಗೂ ವಹಿಯ ಸುದ್ದಿ ಗೊತ್ತಿರಲಿಲ್ಲ. ಕಾವೇರಿ ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಎರಡು ಹಾಡು ಮುಗಿದ ಮೇಲೆ ಅಯ್ಯನವರು ಕಣ್ಣಿನಲ್ಲೇ ಸನ್ನೆ ಮಾಡಿದರು. ಸಲೋಮವ್ವ ಬರಿಗೈಯಲ್ಲಿ ಎದ್ದು ನಿಂತಳು.

"ವರದಿ ಓದಾಕ ವಹಿ ಇಲ್ಲ. ಬಾಯಿಲೆ ಹೇಳ್ತೇನಿ. ಹೆಸರ ಹೇಳಂಗಿಲ್ಲ," ಅಂದಳು. "ಹೋದ ವರ್ಷ ಏಳ ಮಂದಿ ಇದ್ವಿ. ಒಬ್ಬಾಕಿ ಕಾಲಿಗೆ ಬಟ್ಟಿ ಕಟಗೊಂಡು ಬಂದ್ಲು..."

ಓಣಿಯಲ್ಲಿ ಹೆಜ್ಜೆ ಸಪ್ಪಳವಾಯಿತು. ಬಾಗಿಲಲ್ಲಿ ಭರಮವ್ವ ನಿಂತಿದ್ದಳು, ಕಂಕುಳಲ್ಲಿ ವಹಿ.

ಸಾವುಕಾರರ ಅಂಗಡಿಯಲ್ಲಿ ದುಡಿಯುವವರೇ ಅಲ್ಲಿ ಹತ್ತು ಜನ. ಮೈಲೇಶ ಅರ್ಧ ಎದ್ದು, ಹಿತ್ತಲ ಬಾಗಿಲು ಎಷ್ಟು ದೂರವಿದೆ ಎಂದು ನೋಡಿದ. ಭರಮವ್ವ ಯಾರನ್ನೂ ನೋಡಲಿಲ್ಲ. ಚಪ್ಪಲಿಯನ್ನು ಹೊರಗೆ ಹೊಸ್ತಿಲ ಮುಂದೆಯೇ ಬಿಟ್ಟು, ಒಳಗೆ ಬಂದು ಹಿಂದಿನ ಚಾಪೆಯ ಮೇಲೆ ಕೂತಳು. ಇಡೀ ಓಣಿಗೆ ಗುರುತಿದ್ದ ಚಪ್ಪಲಿ. ಸಲೋಮವ್ವನಿಗೆ ಓಡಿಹೋಗಿ ಅವನ್ನು ಚೀಲಕ್ಕೆ ಹಾಕಬೇಕೆನ್ನಿಸಿತು.

"ಒಬ್ಬಂವ ಕುಡ್ಯೂದು ಬಿಡಬೇಕಂದ," ಅವಳು ಮುಂದುವರಿಸಿದಳು. "ಬಿಟ್ಟ. ಮತ್ತ ಹಿಡದ. ಮತ್ತ ಬಿಟ್ಟಾನ." ಯಾರೋ ಸಣ್ಣಗೆ ನಕ್ಕು ಸುಮ್ಮನಾದರು. ಒಬ್ಬೊಬ್ಬರನ್ನೇ ಹೇಳುತ್ತ ಹೋದಳು. ಕೊನೆಗೆ ಒಂದು ಪುಟ ಉಳಿಯಿತು. "ಇನ್ನೊಂದೈತಿ. ಅದು ನನ್ನ ಬಾಯಾಗ ಬರಂಗಿಲ್ಲ."

ಆಗಲೇ ಗಂಗಾ ಬಂದಳು. ಕೈಯಲ್ಲಿ ತವರಿನ ಬುಟ್ಟಿ, ಮುಖದ ತುಂಬ ಬಿಸಿಲು. ಹೊಸ್ತಿಲ ಮುಂದಿನ ಚಪ್ಪಲಿ ನೋಡಿ ನಿಂತಳು. ಆಮೇಲೆ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಬುಟ್ಟಿ ಕೈಯಿಂದ ಜಾರಿತು. ನಾಕಾರು ರೊಟ್ಟಿ ಹೊಸ್ತಿಲ ಮೇಲೆ ಬಿದ್ದವು. ಯಾರೂ ಎತ್ತಲಿಲ್ಲ.

ಭರಮವ್ವ ಅವಳನ್ನು ನೋಡಿದಳು; ಮುಖವನ್ನಲ್ಲ, ಅದಕ್ಕಿಂತ ಕೆಳಗೆ. ಆಮೇಲೆ ಚಾಪೆಯಿಂದ ಸರಿದು, ತಾನು ಬರಿ ನೆಲಕ್ಕೆ ಹೋಗಿ ಕೂತಳು.

"ಚಾಪಿ ಮ್ಯಾಲ ಕುಂದರ ಬಾ. ನೆಲ ತಂಪೈತಿ."

ಗಂಗಾ ಅಲುಗಲಿಲ್ಲ.

"ಒಗ್ಗರಣಿ ಹಾಕಿದ್ರ ಹಿತ್ತಲಕ್ಕ ಓಡತೀಯಲ್ಲ, ನನಗ ತಿಳ್ಯಂಗಿಲ್ಲಂತ ಮಾಡೀಯೇನು? ಈ ಸಲ ಹೋಳಿಗಿ ಮಾಡಂಗಿಲ್ಲ. ಯಾರ ಮುಂದೂ ಬಾಯಿ ಬಿಚ್ಚಂಗಿಲ್ಲ. ಬಾ."

"ಮಾವಾರು?" ಅಂದಳು ಗಂಗಾ. ಅಷ್ಟೇ ಬಂತು ಬಾಯಿಂದ.

"ಅವರಿಗೆ ಯಾವಾಗ ಹೇಳಬೇಕಂತ ನನಗೂ ತಿಳಿವಲ್ದು. ನನಗೂ ಅಂಜಿಕಿ ಐತಿ. ನೀ ಒಬ್ಬಾಕೀನ ಅಂಜಾಕಿ ಅಂತ ತಿಳಕೋಬ್ಯಾಡ."

ಗಂಗಾ ಚಪ್ಪಲಿ ಬಿಟ್ಟಳು, ಅತ್ತೆಯ ಚಪ್ಪಲಿಯ ಪಕ್ಕದಲ್ಲೇ. ಒಳಗೆ ಬಂದು ಚಾಪೆಯ ತುದಿಯಲ್ಲಿ ಕೂತಳು. ಭರಮವ್ವ ವಹಿಯನ್ನು ಅವಳ ಮಡಿಲಿಗಿಟ್ಟಳು. ಪುಟಗಳಿಂದ ಖಾರದ ಧೂಳೆದ್ದು ಗಂಗಾ ಸೀನಿದಳು, ಕಣ್ಣಲ್ಲಿ ನೀರು ಬಂತು, ಅದು ನಿಲ್ಲಲಿಲ್ಲ.

ದೂರದಲ್ಲಿ ಮೋಟಾರು ಸೈಕಲ್ಲಿನ ಸದ್ದು ಕೇಳಿಸಿ, ಹತ್ತಿರ ಬಂದು, ಬಾಗಿಲ ಮುಂದೆ ಒಂದು ಕ್ಷಣ ನಿಧಾನವಾಗಿ, ಮುಂದೆ ಹೋಯಿತು. ಹೊಸ್ತಿಲಾಚೆ ಎರಡು ಜೊತೆ ಚಪ್ಪಲಿ ಬಿಸಿಲಲ್ಲಿ ಬಿದ್ದಿದ್ದವು. ಸಲೋಮವ್ವ ಅವನ್ನೇ ನೋಡುತ್ತ ನಿಂತಿದ್ದಳು.

"ಮುಂದ ಹೇಳಬೇ," ಅಂದಳು ಭರಮವ್ವ ಹಿಂದಿನಿಂದ. "ಯಾಕ ನಿಂತಿ?"